ಗೊತ್ತಿಲ್ಲದ್ದಕ್ಕೆ ಒಂದು ಜಾಗ

ಕನ್ನಡದಲ್ಲಿ 'ಯೋಜನೆ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಕೆಲಸಕ್ಕೆ ಮುಂಚೆ ಕಾಗದದ ಮೇಲೆ ಹಾಕಿಕೊಳ್ಳುವ ಲೆಕ್ಕಾಚಾರವೂ ಯೋಜನೆಯೇ, ಆಮೇಲೆ ಕಲ್ಲು ಮಣ್ಣು ಹೊತ್ತು ಮಾಡುವ ಕೆಲಸವೂ ಯೋಜನೆಯೇ. ಪಂಚವಾರ್ಷಿಕ ಯೋಜನೆ ಎಂದಾಗ ಮೊದಲನೆಯದು, ಕೃಷ್ಣಾ ಮೇಲ್ದಂಡೆ ಯೋಜನೆ ಎಂದಾಗ ಎರಡನೆಯದು. 'ಯೋಜನೆ ಸಿದ್ಧವಾಗಿದೆ' ಎಂದು ಮಂತ್ರಿಗಳು ಹೇಳಿದರೆ ನೀರು ಬಂತೆಂದು ತಿಳಿಯಬೇಕೋ ನಕ್ಷೆ ಬಂತೆಂದು ತಿಳಿಯಬೇಕೋ ಎಂಬ ಗೊಂದಲ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಇದನ್ನು ಭಾಷೆಯ ಬಡತನ ಎನ್ನುವವರಿದ್ದಾರೆ. ಇಂಗ್ಲಿಷಿನವರು ಒಂದಕ್ಕೆ ಪ್ಲಾನ್ ಎಂದೂ ಇನ್ನೊಂದಕ್ಕೆ ಪ್ರಾಜೆಕ್ಟ್ ಎಂದೂ ಬೇರೆ ಬೇರೆ ಹೆಸರಿಟ್ಟುಕೊಂಡಿದ್ದಾರೆ, ನಿಜ. ಆದರೆ ಎರಡು ಹೆಸರಿಟ್ಟುಕೊಂಡವರೂ ಇವೆರಡನ್ನು ಕಲಸಿಕೊಳ್ಳುವುದು ತಪ್ಪಿಲ್ಲ ಎಂಬುದಕ್ಕೆ ಏಳುನೂರು ಪುಟ ಮೀರಿದ ಒಂದು ಪುಸ್ತಕವೇ ಸಾಕ್ಷಿ. ಅದನ್ನು ಓದಿ ಮುಗಿಸಿದ ಮೇಲೆ ನನಗನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪುಸ್ತಕದ ಹೆಸರು ಉದ್ದದ್ದು. ಕನ್ನಡಕ್ಕೆ ತಂದರೆ 'ಯೋಜನಾ ನಿರ್ವಹಣೆಯ ಜ್ಞಾನರಾಶಿಗೆ ಒಂದು ಕೈಪಿಡಿ' ಎಂದಾದೀತು. ಬಳಸುವವರು ಅದನ್ನು 'ಪಿಂಬಾಕ್' ಎಂದು ಮೊಟಕು ಮಾಡಿಕೊಂಡಿದ್ದಾರೆ. ಅಮೆರಿಕದಲ್ಲಿ ೧೯೬೯ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಈ ಕೈಪಿಡಿಯನ್ನು ೧೯೯೬ರಿಂದ ಆವೃತ್ತಿಯ ಮೇಲೆ ಆವೃತ್ತಿಯಾಗಿ ತರುತ್ತಿದೆ. ಅದಕ್ಕೂ ಮುಂಚೆ, ೧೯೮೪ರಿಂದಲೇ, ಆ ಸಂಸ್ಥೆ ಒಂದು ಪರೀಕ್ಷೆಯನ್ನೂ ನಡೆಸುತ್ತಿದೆ. ಪಾಸಾದವರು ಹೆಸರಿನ ಮುಂದೆ ಪಿ.ಎಂ.ಪಿ. ಎಂಬ ಮೂರಕ್ಷರ ಹಾಕಿಕೊಳ್ಳಬಹುದು. ಹಾಗೆ ಹಾಕಿಕೊಂಡವರ ಸಂಖ್ಯೆ ಜಗತ್ತಿನಲ್ಲಿ ಹತ್ತು ಲಕ್ಷ ದಾಟಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ತಂಗಿಯ ಮಗ ಪರೀಕ್ಷೆ ಮುಗಿಸಿ ೨೦೧೭ರ ಆರನೆಯ ಆವೃತ್ತಿಯನ್ನು ನನ್ನ ಮನೆಯಲ್ಲಿ ಬಿಟ್ಟುಹೋದ. 'ಓದ್ತೀಯಾ ಅಂತ ಕೇಳ್ಬೇಡಿ ಮಾವ, ಇದನ್ನ ಯಾರೂ ಓದೋದಿಲ್ಲ. ಇದರ ಮೇಲೆ ಬರೋ ಪ್ರಶ್ನೆಗಳನ್ನ ಓದ್ತಾರೆ' ಎಂದ. ಒಂದು ಪುಸ್ತಕದ ಬಗ್ಗೆ ಇದಕ್ಕಿಂತ ಕಠಿಣವಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಆದರೂ ಓದಿದೆ. ಒಂದು ಸರ್ಕಾರಿ ಕಾರ್ಖಾನೆಯ ಪ್ಲಾನಿಂಗ್ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವನಿಗೆ ಈ ಪುಸ್ತಕದ ಕುಲಗೋತ್ರ ಸ್ವಲ್ಪ ಗೊತ್ತಿರುತ್ತದೆ. ಜೊತೆಗೆ ಇನ್ನೊಂದು ಕಾರಣವೂ ಇತ್ತು. ಇಂಥ ಪದ್ಧತಿಗಳಿಂದ, ಇಂಥ ಪ್ರಮಾಣಪತ್ರಗಳಿಂದ ವ್ಯಾಪಾರ ಉದ್ಯಮಗಳಲ್ಲಿ ಹೊಸತು ಹುಟ್ಟುತ್ತದೆ ಎಂದು ತರಬೇತಿ ಕೇಂದ್ರಗಳ ಜಾಹೀರಾತುಗಳು ಹೇಳುತ್ತವೆ. ನಮ್ಮ ಊರುಗಳಿಂದ ಹೋದ ಸಾವಿರಾರು ಹುಡುಗ ಹುಡುಗಿಯರು ಆ ಮಾತನ್ನು ನಂಬಿ ತಿಂಗಳುಗಟ್ಟಲೆ ರಾತ್ರಿ ನಿದ್ದೆ ಬಿಟ್ಟು ಓದುತ್ತಾರೆ. ಆ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ಯಾರಾದರೂ ಸಮಾಧಾನದಿಂದ ಕೇಳಿ ನೋಡಬೇಕಲ್ಲವೆ?

ಮೊದಲು ಪುಸ್ತಕದ ಒಳಗಿನ ವಿರೋಧಾಭಾಸವನ್ನು ಹೇಳಿಬಿಡುತ್ತೇನೆ. ಯೋಜನೆ ಎಂದರೇನು ಎಂಬುದಕ್ಕೆ ಅದು ಕೊಡುವ ವ್ಯಾಖ್ಯೆ ಚೆನ್ನಾಗಿದೆ: ತಾತ್ಕಾಲಿಕವಾದದ್ದು, ಮತ್ತು ಹಿಂದೆ ಇಲ್ಲದ ಒಂದನ್ನು ಉಂಟುಮಾಡುವುದು. ಅಂದರೆ ದಿನವೂ ಇಡ್ಲಿ ಬೇಯಿಸುವುದು ಯೋಜನೆಯಲ್ಲ, ಮಗಳ ಮದುವೆ ಯೋಜನೆ. ಹೊಸತು ಎಂಬುದು ವ್ಯಾಖ್ಯೆಯ ಹೊಕ್ಕುಳಲ್ಲೇ ಇದೆ. ಹೀಗೆ ಶುರುವಾದ ಪುಸ್ತಕ ಮುಂದಿನ ನೂರಾರು ಪುಟಗಳಲ್ಲಿ ಹೇಳುವುದು ಐದು ಗುಂಪು, ಹತ್ತು ಜ್ಞಾನಕ್ಷೇತ್ರ, ನಲವತ್ತೊಂಬತ್ತು ಪ್ರಕ್ರಿಯೆಗಳನ್ನು. ಪ್ರತಿಯೊಂದಕ್ಕೂ ಒಳಗೆ ಹೋಗುವ ಕಾಗದಗಳು, ಬಳಸುವ ಸಾಧನಗಳು, ಹೊರಗೆ ಬರುವ ಕಾಗದಗಳು. ಹಿಂದೆಂದೂ ಇಲ್ಲದ್ದನ್ನು ಮಾಡಹೊರಟವನಿಗೆ, ಹಿಂದೆ ಎಲ್ಲರೂ ಮಾಡಿದ ರೀತಿಯನ್ನು ಹೇಳಿಕೊಡುವ ಪುಸ್ತಕ ಇದು. ಭಾಷೆಯೂ ಹಾಗೆಯೇ ಇದೆ. ಅಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲವೂ ಮಾಡಲ್ಪಡುತ್ತದೆ. ಇಷ್ಟು ಪುಟಗಳಲ್ಲಿ ಹೆಸರುಳ್ಳ ಒಬ್ಬ ಮನುಷ್ಯ ಬೆವರುವುದನ್ನಾಗಲಿ, ಜಗಳವಾಡುವುದನ್ನಾಗಲಿ ನಾನು ಕಾಣಲಿಲ್ಲ.

ಆದರೆ ಇಷ್ಟು ಹೇಳಿ ಪುಸ್ತಕವನ್ನು ಕೆಳಗಿಡುವುದು ನ್ಯಾಯವಲ್ಲ. ಅದರಲ್ಲಿ ಎರಡು ವಿಚಾರಗಳು ನಿಜವಾಗಿಯೂ ಬೆಲೆಯುಳ್ಳವು. ಒಂದು, ಹತ್ತಿರದ್ದನ್ನು ವಿವರವಾಗಿ, ದೂರದ್ದನ್ನು ಸ್ಥೂಲವಾಗಿ ಯೋಜಿಸಬೇಕು, ಮುಂದೆ ಹೋದ ಹಾಗೆ ವಿವರ ತುಂಬುತ್ತ ಹೋಗಬೇಕು ಎಂಬುದು. ರಾತ್ರಿ ಸೂಡಿ ಹಿಡಿದು ತೋಟದ ದಾರಿಯಲ್ಲಿ ನಡೆದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬೆಳಕು ಹತ್ತು ಹೆಜ್ಜೆಗೆ ಬೀಳುತ್ತದೆ, ಹತ್ತು ಹೆಜ್ಜೆ ನಡೆದರೆ ಮುಂದಿನ ಹತ್ತು ಕಾಣುತ್ತದೆ. ಇನ್ನೊಂದು, ಅಪಾಯಗಳ ಪಟ್ಟಿ. ಏನೇನು ಕೆಡಬಹುದು, ಏನೇನು ನಮಗೆ ತಿಳಿದಿಲ್ಲ ಎಂಬುದನ್ನು ಕೆಲಸ ಶುರುವಾಗುವ ಮುಂಚೆಯೇ ಬರೆದಿಡಬೇಕು ಎಂದು ಪುಸ್ತಕ ಹೇಳುತ್ತದೆ. ಅನಿಶ್ಚಿತತೆಯಲ್ಲಿ ಕೇಡು ಮಾತ್ರವಲ್ಲ, ಅವಕಾಶವೂ ಇರುತ್ತದೆ. ಅದನ್ನೂ ಅದೇ ಪಟ್ಟಿಯಲ್ಲಿ ಬರೆಯಿರಿ, ಅದನ್ನು ಬಳಸಿಕೊಳ್ಳುವ ಬಗೆಯನ್ನೂ ಯೋಚಿಸಿ ಎನ್ನುತ್ತದೆ. ನಾನು ಕಂಡ ಕಚೇರಿಗಳ ಪಟ್ಟಿಗಳಲ್ಲಿ ಅವಕಾಶಕ್ಕೆ ಒಂದು ಸಾಲೂ ಇರಲಿಲ್ಲ. ಅದು ಪುಸ್ತಕದ ದೋಷವಲ್ಲ.

ಈ ಪಟ್ಟಿಯ ಹಿಂದೆ ಇರುವ ಮಾತು ಸರಳವಾದದ್ದು: 'ನನಗೆ ಗೊತ್ತಿಲ್ಲ' ಎಂದು ಬರೆಯಲು ಒಂದು ಜಾಗ ಇರಬೇಕು. ಹೊಸತು ಹುಟ್ಟುವುದು ಆ ಜಾಗದಲ್ಲಿ. ಗೊತ್ತಿರುವುದನ್ನೇ ಮಾಡುವವನು ಹೊಸದೇನನ್ನೂ ಮಾಡುತ್ತಿಲ್ಲ ಎಂದರ್ಥ. ಹಾಗಾಗಿ ಯಾವುದೇ ಪದ್ಧತಿ ಹೊಸತನಕ್ಕೆ ನೆರವೋ ಅಡ್ಡಿಯೋ ಎಂದು ತಿಳಿಯಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಅದರೊಳಗೆ ದುಡಿಯುವ ಮನುಷ್ಯ ಮರ್ಯಾದೆ ಕಳೆದುಕೊಳ್ಳದೆ 'ಗೊತ್ತಿಲ್ಲ' ಎನ್ನಬಹುದೆ?

ನಮ್ಮ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ದೊಡ್ಡ ಯಂತ್ರಗಳನ್ನು ನಿಲ್ಲಿಸಿ ಬಿಚ್ಚಿ ದುರಸ್ತಿ ಮಾಡುತ್ತಿದ್ದರು. ನಿಂತ ಒಂದೊಂದು ದಿನವೂ ನಷ್ಟ. ಒಂದು ವರ್ಷ ನಮ್ಮ ವಿಭಾಗದ ಹಿರಿಯರೊಬ್ಬರು ಬಿಳಿ ಕಾಗದ ಅಂಟಿಸಿ ಇಡೀ ಕೆಲಸವನ್ನು ಬಾಣಗಳ ಜಾಲವಾಗಿ ಶಾಪ್‌ನ ಗೋಡೆಯ ಮೇಲೆ ಬರೆಸಿದರು. ಯಾವುದರ ನಂತರ ಯಾವುದು, ಯಾವುದು ತಡವಾದರೆ ಎಲ್ಲವೂ ತಡವಾಗುತ್ತದೆ ಎಂಬುದು ನಿಂತವರಿಗೆಲ್ಲ ಕಾಣುವ ಹಾಗೆ. ಮೂರನೆಯ ದಿನ ಊಟದ ಬಿಡುವಿನಲ್ಲಿ ಕ್ರೇನ್ ನಡೆಸುವವರು ಆ ಗೋಡೆಯ ಮುಂದೆ ನಿಂತು, 'ಸಾರ್, ನೀವು ಇಲ್ಲಿ ನಾಲ್ಕು ಕಡೆ ಒಟ್ಟಿಗೆ ಕೆಲಸ ನಡೆಯುತ್ತೆ ಅಂತ ಬರೆದಿದೀರ. ಆದರೆ ನಾಲ್ಕೂ ಕಡೆ ಎತ್ತೋದು ನಾನೊಬ್ಬನೇ' ಎಂದರು. ಇಂಜಿನಿಯರುಗಳ್ಯಾರಿಗೂ ಹೊಳೆಯದಿದ್ದ ಸಂಗತಿ. ಭಾರದ ಭಾಗಗಳನ್ನು ರಾತ್ರಿ ಪಾಳಿಯಲ್ಲೇ ಎತ್ತಿ ಸಾಲಾಗಿ ಇಟ್ಟುಬಿಡುವ ಉಪಾಯವನ್ನೂ ಅವರೇ ಹೇಳಿದರು. ಆ ವರ್ಷ ದುರಸ್ತಿ ಎರಡು ದಿನ ಮುಂಚೆ ಮುಗಿಯಿತು. ಗೋಡೆಯ ಚಿತ್ರ ಹೊಸ ಉಪಾಯವನ್ನು ಹುಟ್ಟಿಸಲಿಲ್ಲ. ಅದು ಕೆಲಸವನ್ನು ಎಲ್ಲರ ಕಣ್ಣಿಗೆ ಬೀಳಿಸಿತು, ಅಷ್ಟೆ. ಮಾತಾಡುವ ಹಕ್ಕು ಇಲ್ಲದವರಿಗೆ ಬೆರಳಿಟ್ಟು ತೋರಿಸಲು ಒಂದು ಜಾಗ ಸಿಕ್ಕಿತು.

ಆ ಬಾಣದ ಚಿತ್ರಗಳ ಮೂಲವನ್ನು ಹುಡುಕಿಕೊಂಡು ಹೋದರೆ ಇದೇ ಕಥೆ ಸಿಗುತ್ತದೆ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಮಾರ್ಗನ್ ವಾಕರ್, ರೆಮಿಂಗ್ಟನ್ ರ್ಯಾಂಡ್‌ನ ಜೇಮ್ಸ್ ಕೆಲ್ಲಿ ಇಬ್ಬರೂ ಸೇರಿ ೧೯೫೭ರ ಸುಮಾರಿಗೆ ನಿರ್ಣಾಯಕ ಮಾರ್ಗದ ಪದ್ಧತಿಯನ್ನು ರೂಪಿಸಿದರು. ಲೂಯಿವಿಲ್‌ನ ಕಾರ್ಖಾನೆಯಲ್ಲಿ ದುರಸ್ತಿಗೆಂದು ನಿಲ್ಲಿಸುವ ಅವಧಿ ಅದರಿಂದ ೧೨೫ ಗಂಟೆಗಳಿಂದ ೯೩ ಗಂಟೆಗಳಿಗೆ ಇಳಿಯಿತು. ಇದು ಗೊತ್ತಿರುವ ಕೆಲಸವನ್ನು ಬೇಗ ಮಾಡುವ ವಿದ್ಯೆ, ಮತ್ತು ಆ ಮಟ್ಟಿಗೆ ಅದು ಪ್ರಾಮಾಣಿಕವಾದ ವಿದ್ಯೆ.

ಇದರ ಅವಳಿ ಸೋದರನ ಕಥೆ ಬೇರೆ. ಅದೇ ಕಾಲದಲ್ಲಿ ಅಮೆರಿಕದ ನೌಕಾಪಡೆ ಜಲಾಂತರ್ಗಾಮಿಯಿಂದ ಹಾರುವ ಪೊಲಾರಿಸ್ ಎಂಬ ಕ್ಷಿಪಣಿಯನ್ನು ತಯಾರಿಸುತ್ತಿತ್ತು. ಹಿಂದೆ ಯಾರೂ ಮಾಡದ ಕೆಲಸ. ಅದಕ್ಕಾಗಿ ೧೯೫೮ರಲ್ಲಿ 'ಪರ್ಟ್' ಎಂಬ ಪದ್ಧತಿ ಬಂತು. ೧೯೬೦ರ ಜುಲೈಯಲ್ಲಿ ನೀರಿನಡಿಯಿಂದ ಕ್ಷಿಪಣಿ ಹಾರಿಯೂ ಹಾರಿತು. ಪರ್ಟ್‌ನಿಂದಲೇ ಇದು ಸಾಧ್ಯವಾಯಿತು ಎಂದು ಜಗತ್ತೆಲ್ಲ ನಂಬಿತು. ಹಾರ್ವೆ ಸಪೋಲ್ಸ್ಕಿ ಎಂಬ ರಾಜ್ಯಶಾಸ್ತ್ರಜ್ಞ ೧೯೭೨ರಲ್ಲಿ ಪೊಲಾರಿಸ್ ಬಗ್ಗೆ ಒಂದು ಪುಸ್ತಕ ಬರೆದು ಈ ನಂಬಿಕೆಯ ಬುಡವನ್ನೇ ಅಲ್ಲಾಡಿಸಿದ. ಅವನು ಹೇಳುವಂತೆ ನಿಜವಾದ ಕೆಲಸದಲ್ಲಿ ಪರ್ಟ್‌ನ ಪಾತ್ರ ಸಣ್ಣದು. ತಾಂತ್ರಿಕ ಕೆಲಸಗಾರರು ಅದನ್ನು ಹಚ್ಚಿಕೊಂಡಿರಲಿಲ್ಲ. ಆದರೆ ಹೊಳೆಯುವ ಚಾರ್ಟುಗಳು, ಗಣಕಯಂತ್ರದ ಲೆಕ್ಕಗಳು ಹಣ ಕೊಡುವವರ ಕಣ್ಣಿಗೆ ಎಲ್ಲವೂ ಹಿಡಿತದಲ್ಲಿದೆ ಎಂದು ತೋರಿಸಿದವು. ಅದರಿಂದ ಹೊರಗಿನವರ ಕೈ ಹಾಕುವಿಕೆ ತಪ್ಪಿತು, ಒಳಗಿನವರು ತಮ್ಮ ಪಾಡಿಗೆ ತಾವು ದುಡಿದರು.

ಪಿಂಬಾಕ್‌ನ ಜೊತೆಗೆ ಓದಬೇಕಾದ ಪುಸ್ತಕ ಇದು. ಇದನ್ನು ಓದಿ 'ಎಲ್ಲ ಬೂಟಾಟಿಕೆ' ಎಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೂಟಾಟಿಕೆಯಾದರೂ ಅದು ಯಾರನ್ನು ಕಾಪಾಡಿತು ಎಂದು ಕೇಳಬೇಕು. ಗದ್ದೆಯ ಅಂಚಿಗೆ ಹಾಕಿದ ಬೇಲಿ ಬತ್ತ ಬೆಳೆಯುವುದಿಲ್ಲ, ದನ ನುಗ್ಗದ ಹಾಗೆ ನೋಡಿಕೊಳ್ಳುತ್ತದೆ. 'ಇನ್ನೂ ಗೊತ್ತಿಲ್ಲ' ಎನ್ನುವ ಇಂಜಿನಿಯರುಗಳ ಸುತ್ತ ಪರ್ಟ್ ಅಂಥದೊಂದು ಬೇಲಿಯಾಯಿತು. ಬೇಲಿಯನ್ನೇ ಬೆಳೆ ಎಂದು ತಿಳಿದ ಮಿಕ್ಕ ಇಲಾಖೆಗಳು ಅದನ್ನು ಎಲ್ಲೆಡೆಗೂ ಕೊಂಡುಹೋದವು.

ಪ್ರಮಾಣಪತ್ರದ ವಿಷಯಕ್ಕೆ ಬಂದರೆ ನಮ್ಮ ಬೆಂಗಳೂರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅಮೆರಿಕದ ರಕ್ಷಣಾ ಇಲಾಖೆಗೆ ಸಾಫ್ಟ್‌ವೇರ್ ಗುತ್ತಿಗೆದಾರರಲ್ಲಿ ಯಾರನ್ನು ನಂಬಬೇಕೆಂದು ತಿಳಿಯಬೇಕಾಗಿತ್ತು. ಅದಕ್ಕಾಗಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಂದು ಸಂಸ್ಥೆಯಲ್ಲಿ ವಾಟ್ಸ್ ಹಂಫ್ರಿ ಮತ್ತು ಸಂಗಡಿಗರು 'ಸಿಎಂಎಂ' ಎಂಬ ಐದು ಮೆಟ್ಟಿಲ ಏಣಿ ಮಾಡಿದರು. ಕೆಳಗಿನ ಮೆಟ್ಟಿಲಲ್ಲಿ ಕೆಲಸ ಅವರವರ ಹಣೆಬರಹ. ಮೇಲಿನ ಮೆಟ್ಟಿಲಲ್ಲಿ ಅಳತೆ, ದಾಖಲೆ, ಸತತ ಸುಧಾರಣೆ. ೧೯೯೦ರ ದಶಕದ ಮೊದಲರ್ಧದಲ್ಲೇ ಬೆಂಗಳೂರಿನ ಮೊಟೊರೋಲಾ ಘಟಕ ಐದನೆಯ ಮೆಟ್ಟಿಲನ್ನು ಏರಿತು. ಆಗ ಜಗತ್ತಿನಲ್ಲಿ ಅಲ್ಲಿಗೆ ಏರಿದವರನ್ನು ಒಂದು ಕೈಬೆರಳಲ್ಲಿ ಎಣಿಸಬಹುದಿತ್ತು. ಶತಮಾನ ಹೊರಳುವ ಹೊತ್ತಿಗೆ ಐದನೆಯ ಮೆಟ್ಟಿಲಲ್ಲಿದ್ದ ಸಂಸ್ಥೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದವೇ ಆಗಿದ್ದವು.

ಇದರಿಂದ ಹೊಸತು ಹುಟ್ಟಿತೆ? ಹುಟ್ಟಿತು ಎಂದೇ ನಾನು ಹೇಳುತ್ತೇನೆ. ಹತ್ತು ಸಾವಿರ ಮೈಲಿ ಆಚೆಯ, ಮುಖ ಕಾಣದ, ಹೆಸರು ಉಚ್ಚರಿಸಲು ಬಾರದ ಜನರ ಕೈಗೆ ಒಂದು ಬ್ಯಾಂಕು ತನ್ನ ಲೆಕ್ಕದ ವ್ಯವಸ್ಥೆಯನ್ನು ಒಪ್ಪಿಸುವುದು ಅದಕ್ಕೆ ಮುಂಚೆ ನಡೆಯದ ವ್ಯಾಪಾರ. ದೂರದಿಂದ ಕೆಲಸ ಮಾಡಿಕೊಡುವ ಆ ಬಗೆಯೇ ಒಂದು ಹೊಸ ಶೋಧ, ಮತ್ತು ಅದಕ್ಕೆ ಪ್ರಮಾಣಪತ್ರದ ನೆರವು ದೊಡ್ಡದು. ಪರಊರಿಗೆ ಹೋದವನಿಗೆ ಪರಿಚಯದ ಕಾಗದ ಇದ್ದ ಹಾಗೆ. 'ಇವನು ಹೇಳಿದ್ದನ್ನು ಹೇಳಿದ ದಿನಕ್ಕೆ ಕೊಡುತ್ತಾನೆ' ಎಂಬ ಮಾತನ್ನು ಮೂರನೆಯವರು ಬರೆದುಕೊಟ್ಟಾಗ ಬಾಗಿಲು ತೆರೆಯುತ್ತದೆ. ಬಡ ದೇಶದವರಿಗೆ ಇಂಥ ಕಾಗದ ಎಷ್ಟು ಬೇಕೆಂಬುದು ಶ್ರೀಮಂತ ದೇಶದ ವಿಮರ್ಶಕರಿಗೆ ತಿಳಿಯುವುದು ಕಷ್ಟ.

ಆದರೆ ಪರಿಚಯದ ಕಾಗದ ಹಿಡಿದು ಒಳಗೆ ಹೋದವನು ಒಳಗೂ ಅದನ್ನೇ ಓದುತ್ತ ಕೂತರೆ? ಹೇಳಿದ್ದನ್ನು ಹೇಳಿದ ದಿನಕ್ಕೆ ಕೊಡುವುದು ಒಂದು ಗುಣ. ಏನನ್ನು ಕೊಡಬೇಕೆಂದು ತಾನೇ ಯೋಚಿಸುವುದು ಇನ್ನೊಂದು ಗುಣ. ಮೊದಲನೆಯದಕ್ಕೆ ಸಿಕ್ಕ ಬಹುಮಾನ ಎಷ್ಟು ದೊಡ್ಡದಾಗಿತ್ತೆಂದರೆ ಎರಡನೆಯದಕ್ಕೆ ಬಹಳ ಕಾಲ ಯಾರೂ ಸಮಯ ಕೊಡಲಿಲ್ಲ. ಆ ಏಣಿಯ ಮುಂದಿನ ರೂಪದಲ್ಲಿ ಐದನೆಯ ಮೆಟ್ಟಿಲಿನವರು ಹೊಸತನವನ್ನೂ ಒಂದು ಪ್ರಕ್ರಿಯೆಯಾಗಿ ತೋರಿಸಬೇಕೆಂಬ ನಿಯಮ ಬಂತು. ಅದಕ್ಕೂ ನಮೂನೆ, ಅದಕ್ಕೂ ಅಂಕಿ ಅಂಶ. ದೇವರ ಪ್ರಸಾದಕ್ಕೆ ರಸೀದಿ ಪುಸ್ತಕ ಇಟ್ಟ ಹಾಗೆ.

ಈ ರಸೀದಿಯ ಕಷ್ಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಕಾರ್ಖಾನೆಗೂ ಐಎಸ್‌ಒ ೯೦೦೦ ಪ್ರಮಾಣಪತ್ರ ಬೇಕೆಂದಾಯಿತು. ಆ ಮಾನದಂಡಗಳು ಮೊದಲು ಪ್ರಕಟವಾದದ್ದು ೧೯೮೭ರಲ್ಲಿ. ನಮ್ಮಲ್ಲಿಗೆ ಬರುವಾಗ ೧೯೯೪ರ ಪರಿಷ್ಕರಣೆ ಮುಗಿದಿತ್ತು. ಹಳೆಯ ಡ್ರಾಯಿಂಗ್ ಯಾವುದು ಹೊಸದು ಯಾವುದು ಎಂದು ತಿಳಿಯದೆ ಮಾಲು ಹಾಳಾಗುತ್ತಿದ್ದದ್ದು ಆಮೇಲೆ ನಿಂತಿತು, ಅದನ್ನು ಒಪ್ಪಬೇಕು. ಆದರೆ ನಮ್ಮಲ್ಲಿ ಒಬ್ಬ ಫಿಟ್ಟರ್ ಇದ್ದರು. ಇಪ್ಪತ್ತು ವರ್ಷಗಳಿಂದ ತಮ್ಮ ಡ್ರಾಯಿಂಗ್‌ಗಳ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡು ಬಂದಿದ್ದರು: 'ಇಲ್ಲಿ ಮೊದಲು ಬಿಸಿ ಮಾಡಬೇಕು', 'ಈ ಬೋಲ್ಟನ್ನು ಕೊನೆಗೆ ಬಿಗಿಯಬೇಕು', 'ಇದು ಯಾಕೆ ಹೀಗೆ, ಗೊತ್ತಾಗಲಿಲ್ಲ'. ಆಡಿಟರು ಬರುವ ಹಿಂದಿನ ವಾರ ಮೇಲಿನಿಂದ ಆಜ್ಞೆಯಾಯಿತು, ಕೈಬರಹವಿರುವ ಡ್ರಾಯಿಂಗ್ ಶಾಪ್‌ನಲ್ಲಿ ಕಾಣಬಾರದು ಎಂದು. ಎಲ್ಲವನ್ನೂ ಮೂಟೆ ಕಟ್ಟಿ ಒಯ್ದರು, ಸ್ವಚ್ಛವಾದ ಹೊಸ ಪ್ರತಿಗಳು ಬಂದವು. ಪ್ರಮಾಣಪತ್ರವೂ ಬಂತು, ಚೌಕಟ್ಟು ಹಾಕಿಸಿ ಸ್ವಾಗತ ಕೊಠಡಿಯಲ್ಲಿ ತೂಗುಹಾಕಿದರು. ಆ ಫಿಟ್ಟರ್ ನಿವೃತ್ತಿಯಾಗುವವರೆಗೆ ಮತ್ತೆ ಒಂದು ಗೆರೆಯನ್ನೂ ಡ್ರಾಯಿಂಗ್ ಮೇಲೆ ಎಳೆಯಲಿಲ್ಲ. ಮಾನದಂಡದಲ್ಲಿ ಪೆನ್ಸಿಲ್ ಬರಹವನ್ನು ಪರಿಶೀಲಿಸಿ ಡ್ರಾಯಿಂಗಿಗೇ ಸೇರಿಸುವ ದಾರಿ ಇತ್ತು. ಆ ದಾರಿ ಉದ್ದದ್ದು, ಮೂಟೆ ಕಟ್ಟುವುದು ಹತ್ತಿರದ್ದು.

ಇಂಥ ಅನುಭವಗಳಿಂದ ಬೇಸತ್ತವರು ಸಾಫ್ಟ್‌ವೇರ್ ಲೋಕದಲ್ಲೂ ಇದ್ದರು. ೨೦೦೧ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಜನ ಸೇರಿ 'ಅಜೈಲ್' ಎಂಬ ಪ್ರಣಾಳಿಕೆ ಹೊರಡಿಸಿದರು. ಪ್ರಕ್ರಿಯೆಗಳಿಗಿಂತ ಮನುಷ್ಯರು ಮುಖ್ಯ, ದಾಖಲೆಗಳಿಗಿಂತ ನಡೆಯುವ ವಸ್ತು ಮುಖ್ಯ ಎಂಬುದು ಅದರ ತಿರುಳು. ಬಂಡಾಯದ ಮಾತು. ಕೆಲವೇ ವರ್ಷಗಳಲ್ಲಿ ಆ ಬಂಡಾಯಕ್ಕೂ ಎರಡು ದಿನದ ತರಬೇತಿ, ಪ್ರಮಾಣಪತ್ರ ಬಂದವು. ಪಿ.ಎಂ.ಪಿ. ಪರೀಕ್ಷೆಯೂ ೨೦೨೧ರಿಂದ ಸುಮಾರು ಅರ್ಧದಷ್ಟು ಪ್ರಶ್ನೆಗಳನ್ನು ಈ ಹೊಸ ರೀತಿಗಳ ಮೇಲೆ ಕೇಳತೊಡಗಿತು. ವಚನಕಾರರು ಸ್ಥಾವರವನ್ನು ಬೇಡವೆಂದದ್ದನ್ನೂ, ಆಮೇಲೆ ಮಠಗಳೆದ್ದದ್ದನ್ನೂ ಬಲ್ಲ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ.

ಹಾಗಾದರೆ ಪದ್ಧತಿಯೇ ಬೇಡ, ಪ್ರತಿಭೆಗೆ ಕಡಿವಾಣ ಹಾಕಬಾರದು ಎನ್ನುವವರ ಪಕ್ಷಕ್ಕೆ ನಾನು ಸೇರುತ್ತೇನೆಂದು ಓದುಗರು ತಿಳಿಯಬಾರದು. ಅವರು ಸಾಮಾನ್ಯವಾಗಿ ಕೊಡುವ ಉದಾಹರಣೆ ಸಿಡ್ನಿಯ ಒಪೆರಾ ಹೌಸ್. ೧೯೫೭ರಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸನ್‌ರ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದಿತು. ಅಂದಾಜು ೭೦ ಲಕ್ಷ ಡಾಲರ್. ಮುಗಿದಾಗ ಆದ ಖರ್ಚು ೧೦ ಕೋಟಿ ೨೦ ಲಕ್ಷ. ೧೯೬೩ಕ್ಕೆ ಮುಗಿಯಬೇಕಾದದ್ದು ಮುಗಿದದ್ದು ೧೯೭೩ಕ್ಕೆ. ಕಾಲ, ಹಣ ಎರಡರಲ್ಲೂ ಸೋತ ಕಟ್ಟಡ ಇಂದು ಆ ನಗರದ ಮುಖವೇ ಆಗಿದೆ. ೨೦೦೭ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನೋಡಿ, ಲೆಕ್ಕ ಮೀರಿದ್ದಕ್ಕೇ ಇದು ಸಾಧ್ಯವಾಯಿತು ಎನ್ನುತ್ತಾರೆ.

ಸ್ವಲ್ಪ ಹತ್ತಿರದಿಂದ ನೋಡಿದರೆ ಕಥೆ ಬೇರೆಯೇ ಇದೆ. ಚಿಪ್ಪಿನಾಕಾರದ ಆ ಮಾಡುಗಳನ್ನು ಹೇಗೆ ಕಟ್ಟುವುದೆಂದು ೧೯೫೯ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಬದಲು ಸರ್ಕಾರ ರಾಜಕೀಯ ಕಾರಣಗಳಿಗಾಗಿ ತಳಪಾಯದ ಕೆಲಸವನ್ನು ಶುರುಮಾಡಿಸಿತು. ಮಾಡುಗಳನ್ನೆಲ್ಲ ಒಂದೇ ಗೋಲದ ತುಂಡುಗಳಾಗಿ ಎಣಿಸಬಹುದೆಂಬ ಪರಿಹಾರ ಹೊಳೆದದ್ದು ಎರಡು ಮೂರು ವರ್ಷಗಳ ಮೇಲೆ. ಅಷ್ಟರಲ್ಲಿ ಕಟ್ಟಿದ್ದ ಕಂಬಗಳು ಆ ಭಾರ ಹೊರುವಂತಿರಲಿಲ್ಲ, ಒಡೆದು ಮತ್ತೆ ಕಟ್ಟಬೇಕಾಯಿತು. ಖರ್ಚು ಏರಿತು, ಜಗಳ ಬೆಳೆಯಿತು, ೧೯೬೬ರಲ್ಲಿ ಉಟ್ಸನ್ ರಾಜೀನಾಮೆ ಕೊಟ್ಟು ಹೊರಟುಹೋದರು. ಮುಗಿದ ಕಟ್ಟಡವನ್ನು ನೋಡಲು ಅವರು ಮತ್ತೆ ಆ ಊರಿಗೆ ಹೋಗಲೇ ಇಲ್ಲ. ಒಳಗಿನ ಸಭಾಂಗಣಗಳು ಅವರ ಕಲ್ಪನೆಯವಲ್ಲ. ಎರಡು ವರ್ಷ ಮಾದರಿಗಳನ್ನು ಮಾಡಿ ನೋಡಲು ಕೊಟ್ಟಿದ್ದರೆ, ಅಂದರೆ ಗೊತ್ತಿಲ್ಲದ್ದಕ್ಕೆ ಯೋಜನೆಯಲ್ಲಿ ಜಾಗವಿದ್ದಿದ್ದರೆ, ಪ್ರಾಯಶಃ ಕಲಾವಿದನೂ ಉಳಿಯುತ್ತಿದ್ದ, ಹಣವೂ ಉಳಿಯುತ್ತಿತ್ತು. ಪದ್ಧತಿ ಇಲ್ಲದಿರುವುದು ಪ್ರತಿಭೆಗೆ ಸ್ವಾತಂತ್ರ್ಯವಲ್ಲ. ಮೊದಲು ಬಲಿಯಾಗುವುದು ಅದೇ.

ಇದರ ಎದುರಿಗೆ ನಮ್ಮ ಆರ್ಯಭಟವನ್ನು ಇಡಬೇಕು. ೧೯೭೨ರಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು: ರಾಕೆಟ್ಟು ಅವರದು, ಉಪಗ್ರಹ ನಮ್ಮದು. ಉಡುಪಿ ಸೀಮೆಯ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕೆಲಸ ನಡೆಯಿತು. ಅಲ್ಲಿದ್ದವರಲ್ಲಿ ಬಹುಪಾಲು ಜನ ಅದಕ್ಕೆ ಮುಂಚೆ ಉಪಗ್ರಹವನ್ನು ಮುಟ್ಟಿದವರಲ್ಲ. ೧೯೭೫ರ ಏಪ್ರಿಲ್ ೧೯ರಂದು ೩೬೦ ಕಿಲೋ ತೂಕದ ಆರ್ಯಭಟ ಹಾರಿತು. ನಾಲ್ಕೈದು ದಿನಗಳಲ್ಲೇ ವಿದ್ಯುತ್ ಪೂರೈಕೆ ಕೆಟ್ಟು ಅದರೊಳಗಿನ ಮೂರು ವೈಜ್ಞಾನಿಕ ಪ್ರಯೋಗಗಳೂ ನಿಂತವು. ಪರೀಕ್ಷೆಯ ಪುಸ್ತಕದ ಪ್ರಕಾರ ಈ ಯೋಜನೆಗೆ ಎಷ್ಟು ಅಂಕ ಕೊಡಬೇಕು? ಆದರೆ ಅದರ ಉದ್ದೇಶವೇ ಉಪಗ್ರಹ ಕಟ್ಟಲು ಕಲಿಯುವುದಾಗಿತ್ತು. ದಿನಾಂಕ ಗಟ್ಟಿ, ತೂಕದ ಮಿತಿ ಗಟ್ಟಿ, ರಾಕೆಟ್ಟಿಗೆ ಜೋಡಿಸುವ ಅಳತೆ ಗಟ್ಟಿ. ಆ ಗಡಿಗಳೊಳಗೆ ಎಲ್ಲವೂ ಮಾಡಿ ನೋಡಿ ತಿಳಿಯಬೇಕಾದದ್ದು. ೧೯೭೯ರಲ್ಲಿ ಭಾಸ್ಕರ ಹಾರಿದಾಗ ಆ ಕಲಿಕೆ ಅದರ ಹಿಂದೆ ಇತ್ತು.

ನಮ್ಮ ಕಡೆಯ ಯಕ್ಷಗಾನ ನೋಡಿದವರಿಗೆ ಈ ಏರ್ಪಾಡು ಅಪರಿಚಿತವಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಕಥೆಯ ದಾರಿ, ರಾಗ, ತಾಳ, ಯಾವ ವೇಷ ಯಾವಾಗ ಎಂಬುದೆಲ್ಲ ಭಾಗವತರ ಹಿಡಿತದಲ್ಲಿರುತ್ತದೆ. ಅರ್ಥ ಹೇಳುವುದು ವೇಷಧಾರಿಗೆ ಬಿಟ್ಟದ್ದು. ಅಲ್ಲಿ ಬರೆದ ಮಾತಿಲ್ಲ. ಬೆಳಗಾಗುವುದರೊಳಗೆ ಮಂಗಳವಾಗಲೇಬೇಕು, ಮತ್ತು ಒಂದು ರಾತ್ರಿಯ ಕರ್ಣ ಇನ್ನೊಂದು ರಾತ್ರಿಯ ಕರ್ಣನ ಹಾಗೆ ಮಾತಾಡಬಾರದು. ಎರಡೂ ಒಟ್ಟಿಗೆ ನಡೆಯುತ್ತವೆ, ಒಂದರಿಂದಾಗಿ ಇನ್ನೊಂದು ನಡೆಯುತ್ತದೆ.

ಪುಸ್ತಕಗಳ ಮಾತಿಗೆ ಹಿಂತಿರುಗಿ ತೀರ್ಮಾನ ಹೇಳಿಬಿಡುತ್ತೇನೆ. ಪಿಂಬಾಕ್‌ನ ೨೦೨೧ರ ಏಳನೆಯ ಆವೃತ್ತಿಯನ್ನೂ ಆಮೇಲೆ ತರಿಸಿ ನೋಡಿದೆ. ಅದು ನಲವತ್ತೊಂಬತ್ತು ಪ್ರಕ್ರಿಯೆಗಳ ಚೌಕಟ್ಟನ್ನು ಪಕ್ಕಕ್ಕಿಟ್ಟು ಹನ್ನೆರಡು ತತ್ವಗಳನ್ನು ಮುಂದಿಟ್ಟಿದೆ. ತೆಳ್ಳಗಿದೆ, ನಮ್ರವಾಗಿದೆ, ಸನ್ನಿವೇಶಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ ಎನ್ನುತ್ತದೆ. ಸತ್ಯಕ್ಕೆ ಇದು ಹತ್ತಿರ. ಹೊಸಬ ಓದುಗನಿಗೆ ಉಪಯೋಗಕ್ಕೆ ಆರನೆಯದೇ ಹತ್ತಿರ. ಸನ್ನಿವೇಶಕ್ಕೆ ತಕ್ಕ ಹಾಗೆ ಎಂದರೆ ಹೇಗೆ ಎಂದು ತೋರಿಸಲು ಎರಡರಲ್ಲೂ ಕಥೆಗಳಿಲ್ಲ. ಫ್ರೆಡರಿಕ್ ಬ್ರೂಕ್ಸ್ ಐಬಿಎಂನ ದೊಡ್ಡದೊಂದು ಸಾಫ್ಟ್‌ವೇರ್ ಕೆಲಸದ ಅನುಭವದಿಂದ ೧೯೭೫ರಲ್ಲಿ 'ದಿ ಮಿಥಿಕಲ್ ಮ್ಯಾನ್ ಮಂತ್' ಎಂಬ ಪುಸ್ತಕ ಬರೆದರು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬ ಅವರ ಸೂತ್ರವನ್ನು ಇಂದಿಗೂ ಜನ ಹೇಳುತ್ತಾರೆ. ಮೊದಲು ಮಾಡಿದ್ದನ್ನು ಎಸೆಯಲು ಸಿದ್ಧವಾಗಿರಿ ಎಂದು ಅಲ್ಲಿ ಉಪದೇಶಿಸಿದ್ದ ಅವರು, ಇಪ್ಪತ್ತು ವರ್ಷಗಳ ಮೇಲೆ ೧೯೯೫ರ ಆವೃತ್ತಿಯಲ್ಲಿ ಆ ಮಾತು ತೀರ ಸರಳವಾಯಿತು, ಸರಿಯಲ್ಲ ಎಂದು ತಾವೇ ಬರೆದರು. ಅಲ್ಲಿ ಮಾತಾಡುವುದು ಒಬ್ಬ ಮನುಷ್ಯ. ಓದುವವನು ಅವನೊಡನೆ ವಾದಿಸಬಹುದು.

ಪಿ.ಎಂ.ಪಿ. ಪರೀಕ್ಷೆಯಲ್ಲಿ ೨೦೨೧ರ ಬದಲಾವಣೆಯ ನಂತರ ೨೩೦ ನಿಮಿಷಗಳಲ್ಲಿ ೧೮೦ ಪ್ರಶ್ನೆಗಳು. ಹೆಚ್ಚಿನವು ಒಂದು ಇಕ್ಕಟ್ಟನ್ನು ವಿವರಿಸಿ, ನೀನಾದರೆ ಮೊದಲು ಏನು ಮಾಡುವೆ ಎಂದು ಕೇಳಿ, ಉತ್ತರಗಳನ್ನೂ ಕೊಡುತ್ತವೆ. 'ಹೋಗಿ ನೋಡಿದ ಹೊರತು ಹೇಳಲಾರೆ' ಎಂಬ ಉತ್ತರಕ್ಕೆ ಅಂಥ ಪರೀಕ್ಷೆಯಲ್ಲಿ ಅಂಕವಿರುವುದು ಸಾಧ್ಯವಿಲ್ಲ. ಪರೀಕ್ಷೆ ಎಂದರೆ ಹಾಗೆಯೇ. ಅದಕ್ಕೆ ಸಂಸ್ಥೆಯನ್ನು ದೂರಿ ಫಲವಿಲ್ಲ. ದೂರಬೇಕಾದದ್ದು ಆ ಪರೀಕ್ಷೆಯ ಶಿಸ್ತನ್ನು ಕೆಲಸದ ಕೋಣೆಗೆ ತಂದು, ಹೊಸದೊಂದನ್ನು ಎರಡು ವಾರ ಮಾಡಿ ನೋಡುತ್ತೇವೆ ಎಂದು ಬಂದ ಹುಡುಗಿಗೆ 'ಯಾವತ್ತು ಮುಗಿಯುತ್ತದೆ, ಎಷ್ಟು ಲಾಭ, ಮೊದಲು ಬರೆದುಕೊಡು' ಎಂದು ಕೇಳುವವರನ್ನು. ಅವಳಿಗೆ ಅದು ತಿಳಿದಿದ್ದರೆ ಆ ಎರಡು ವಾರ ಬೇಕಾಗುತ್ತಿರಲಿಲ್ಲ. ಅವಳು ಅಂಕಿ ಕಟ್ಟಿ ಬರೆದುಕೊಡುವುದನ್ನು ಕಲಿಯುತ್ತಾಳೆ, ಇಲ್ಲವೇ ಬರುವುದನ್ನೇ ಬಿಡುತ್ತಾಳೆ. ಎರಡರಲ್ಲಿ ಯಾವುದಾದರೂ ನಷ್ಟ ಕಂಪನಿಗೇ, ಆದರೆ ಅದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ಆದ್ದರಿಂದ ಪರೀಕ್ಷೆಗೆ ಕೂರುವ ಹುಡುಗರಿಗೆ ನಾನು ಬೇಡವೆನ್ನುವುದಿಲ್ಲ. ಬಾಗಿಲು ತೆರೆಯಲು ಕಾಗದ ಬೇಕು, ಕೂತು ಬರೆಯಿರಿ. ಒಳಗೆ ಹೋದ ಮೇಲೆ ಪುಸ್ತಕದ ಎಲ್ಲ ನಮೂನೆಗಳಿಗಿಂತ ಮೊದಲು ಆ ಅಪಾಯಗಳ ಪಟ್ಟಿಯನ್ನು ಗೋಡೆಗೆ ಹಾಕಿ, ಅದರ ಮೊದಲ ಸಾಲನ್ನು ನೀವೇ ಬರೆಯಿರಿ, ನಿಮಗೆ ತಿಳಿಯದಿರುವುದು ಏನೆಂದು. ಮೇಲಿನವರು ಬರೆದರೆ ಮಾತ್ರ ಕೆಳಗಿನವರ ಕೈಗೆ ಪೆನ್ಸಿಲ್ ಬರುತ್ತದೆ. ಇನ್ನು ಕನ್ನಡದಲ್ಲಿ ನಮಗೆ ಬೇಕಾದದ್ದು ಈ ಕೈಪಿಡಿಯ ಅನುವಾದವಲ್ಲ. ಪೀಣ್ಯದ ಶೆಡ್ಡುಗಳಲ್ಲಿ, ಕೊಂಕಣ ರೈಲಿನ ಸುರಂಗಗಳಲ್ಲಿ, ಅಣೆಕಟ್ಟುಗಳ ಬುಡದಲ್ಲಿ ದುಡಿದವರು ಯಾವ ದಿನ ಏನು ತಿಳಿಯದೆ ನಿಂತರು, ಆಮೇಲೆ ಹೇಗೆ ಮುಂದೆ ಹೋದರು ಎಂದು ತಾವೇ ಬರೆದ ಪುಸ್ತಕಗಳು ಬೇಕು. ವಿಶ್ವೇಶ್ವರಯ್ಯನವರು ತಮ್ಮ ದುಡಿಮೆಯ ದಿನಗಳ ನೆನಪನ್ನು ೧೯೫೧ರಲ್ಲಿ ಪ್ರಕಟಿಸಿದ್ದು ಇಂಗ್ಲಿಷಿನಲ್ಲಿ. ಅವರ ಕೈಕೆಳಗೆ ಗಾರೆ ಕಲಸಿದವರ ನೆನಪು ಯಾವ ಭಾಷೆಯಲ್ಲೂ ಬರಲಿಲ್ಲ.